ಮುಚ್ಚಳದೊಳಗಿನ ಲಕ್ಷ್ಮಿ

ಜಯಮ್ಮನ ಕೆಲಸ ಹೋದದ್ದು ನನ್ನ ಸಹಿಯಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳೋಣ ಎಂದು ಇಟ್ಟುಕೊಂಡರೆ ನಡುವೆ ಎಲ್ಲೋ ಜಾರಿಕೊಳ್ಳುತ್ತೇನೆ. ನನ್ನ ಬುದ್ಧಿ ನನಗೆ ಚೆನ್ನಾಗಿ ಗೊತ್ತು.

ನಾನು ಓದಿದ ಪಾಲಿಟೆಕ್ನಿಕ್ಕಿನ ಪ್ರಿನ್ಸಿಪಾಲರು ಹೋದ ತಿಂಗಳು ಫೋನ್ ಮಾಡಿದ್ದರು. "ಮೇಡಂ, ಜೀವಮಾನವೆಲ್ಲ ಆಂಟೆನಾ ಕೆಲಸ ಮಾಡಿದೀರಿ. ಈ ಲೈನಿಗೆ ಬರೋ ಮಕ್ಕಳಿಗೆ ಸ್ಫೂರ್ತಿ ಆಗೋ ಹಾಗೆ ನಾಲ್ಕು ಪುಟ ಬರ್ಕೊಡಿ" ಎಂದರು. ಸ್ಫೂರ್ತಿಯಂತೆ! ನನ್ನ ಹತ್ತಿರ ಇರುವುದು ಒಂದಷ್ಟು ಎಡವಟ್ಟು, ಒಂದಷ್ಟು ಬೈಗುಳ, ಒಂದು ಸುಳ್ಳು ವರದಿ. ಅದನ್ನೇ ಬರೆದಿದ್ದೇನೆ. ಹಾಕಿಕೊಳ್ಳುವುದಾದರೆ ಹಾಕಿಕೊಳ್ಳಲಿ, ಇಲ್ಲದಿದ್ದರೆ ಬಿಡಲಿ. ಕಂಪನಿಯ ಹೆಸರು ಬರೆದಿಲ್ಲ. ಅವರ ಮರ್ಯಾದೆ ಉಳಿಸಲು ಅಲ್ಲ, ನನ್ನ ಹೆದರಿಕೆಗೆ.

ನಮ್ಮೂರು ರಾಜಘಟ್ಟ. ಮನೆಯಲ್ಲಿ ಎಲ್ಲರೂ ಹೊಲದವರು. ಡಿಪ್ಲೊಮಾ ಮುಗಿಸಿದ ವರ್ಷವೇ ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಸಿಕ್ಕಿತು. ವೈರ್‌ಲೆಸ್ ಸಾಮಾನು ಮಾಡುವ ಸಣ್ಣ ಕಾರ್ಖಾನೆ. ನನಗೆ ಕೊಟ್ಟಿದ್ದು ಆಂಟೆನಾ ವಿಭಾಗ. ವಿಭಾಗ ಎಂದರೆ ಒಂದು ಮೇಜು, ಒಂದು ಅಳತೆಯ ಯಂತ್ರ, ಒಂದು ಸುರುಳಿ ತಾಮ್ರದ ಟೇಪು, ಒಂದು ಬ್ಲೇಡು.

ಆಗ ಆಂಟೆನಾ ಎಂದರೆ ಹೊರಗೆ ನಿಂತಿರುವ ಕಡ್ಡಿ. ಎಳೆದರೆ ಉದ್ದ, ಒತ್ತಿದರೆ ಗಿಡ್ಡ. ಕೊಂಡವರೆಲ್ಲ ಅದನ್ನು ಮುರಿಯುತ್ತಿದ್ದರು, ನಾವು ಹೊಸದು ಕೊಡುತ್ತಿದ್ದೆವು. ಆಮೇಲೆ ಯಾರಿಗೋ ಕಡ್ಡಿ ಅಸಹ್ಯವಾಗಿ ಕಂಡಿತು. ಒಳಗೆ ಸೇರಿಸಿ ಎಂದರು. ಒಳಗೆ ಸೇರಿಸಿದ ಮೇಲೆ ಡಬ್ಬಿ ಚಿಕ್ಕದು ಮಾಡಿ ಎಂದರು. ಚಿಕ್ಕದು ಮಾಡಿದ ಮೇಲೆ ಒಂದು ಬ್ಯಾಂಡು, ಅಂದರೆ ಒಂದು ಉದ್ದದ ಅಲೆ ಹಿಡಿದರೆ ಸಾಲದು, ಎರಡು ಬೇಕು, ಮೂರು ಬೇಕು, ಐದು ಬೇಕು ಎಂದರು. ಒಂದು ಬ್ಯಾಂಡಿಗೆ ಎಂಟು ಸೆಂಟಿಮೀಟರ್ ತಾಮ್ರದ ತಗಡು ಬೇಕು, ಇನ್ನೊಂದಕ್ಕೆ ನಾಲ್ಕು ಸಾಕು. ಡಬ್ಬಿಯೇ ಐದು ಸೆಂಟಿಮೀಟರ್ ಇದ್ದರೆ ಎಂಟನ್ನು ಎಲ್ಲಿಡುವುದು? ಮಡಿಸಬೇಕು, ಸೀಳಬೇಕು, ಒಂದೇ ತಗಡಿನಲ್ಲಿ ಉದ್ದದೊಂದು ಕವಲು, ಗಿಡ್ಡದೊಂದು ಕವಲು ಬಿಡಿಸಬೇಕು. ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತದೆ, ಓರಗಿತ್ತಿಯರ ಹಾಗೆ. ಕೂದಲೆಳೆಯಷ್ಟು ಕತ್ತರಿಸು, ಅಳೆ, ಮತ್ತೆ ಕತ್ತರಿಸು. ಜಾಸ್ತಿ ಕತ್ತರಿಸಿದೆಯೋ, ಹೊಸ ತಗಡು ತಗೊಂಡು ಮೊದಲಿಂದ ಶುರು. ಹುಡುಗರೇ, ಈ ಕೆಲಸ ಇಷ್ಟೇ. ಯಾರಾದರೂ ಇದನ್ನು ವಿದ್ಯೆ, ತಪಸ್ಸು ಎಂದೆಲ್ಲ ಹೇಳಿದರೆ ನಂಬಬೇಡಿ.

ನನ್ನ ಮೊದಲ ಮೇಲಧಿಕಾರಿ ಪಾರ್ಥಸಾರಥಿ ಎಂದು, ವಯಸ್ಸಾದವರು. ಹೊಗಳಿದ್ದು ನಾನು ಕೇಳಿಲ್ಲ. ಮದುವೆಯಾಗಿ ಹದಿನೈದು ದಿನ ರಜೆ ಮುಗಿಸಿ ಬಂದಾಗ ಒಂದು ಆಂಟೆನಾ ಅಳೆಯಲು ಕೊಟ್ಟರು. ಮೂರು ದಿನ ಅಳೆದೆ. ಒಂದು ಸಲ ಬಂದ ಲೆಕ್ಕ ಇನ್ನೊಂದು ಸಲ ಬರಲಿಲ್ಲ. ಯಂತ್ರ ಕೆಟ್ಟಿದೆ ಎಂದು ದೂರು ಹೇಳಲು ಹೋದೆ. ಅವರು ಬಂದು ನನ್ನ ಪಕ್ಕ ನಿಂತು, ನಾನು ಅಳೆಯುವುದನ್ನು ಒಂದು ನಿಮಿಷ ನೋಡಿದರು.

"ಅಲ್ಲಮ್ಮಾ, ಕೈತುಂಬ ಅರ್ಧ ಚಿನಿವಾರ ಪೇಟೆ ಹಾಕ್ಕೊಂಡು ಬಂದ್ರೆ ಆಂಟೆನಾ ಏನ್ಮಾಡ್ಬೇಕು? ಬಿಚ್ಚಿಡು ಆ ಬಳೆ!"

ಮದುವೆಯ ಚಿನ್ನದ ಬಳೆ, ಕೈಗೆ ನಾಲ್ಕು. ಹತ್ತಿರ ಲೋಹ ಬಂದರೆ ಆಂಟೆನಾದ ಶ್ರುತಿ ತಪ್ಪುತ್ತದೆ ಎಂದು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದವಳು ನಾನೇ. ಮೂರು ದಿನದ ಅಳತೆಯೆಲ್ಲ ಕಸದ ಬುಟ್ಟಿಗೆ ಹೋಯಿತು. ಮಾರನೇ ದಿನದಿಂದ ಗಾಜಿನ ಬಳೆ ಹಾಕಿಕೊಂಡು ಹೋದೆ. ಅತ್ತೆ, "ಮದ್ವೆಯಾಗಿ ತಿಂಗ್ಳಾಗಿಲ್ಲ, ಚಿನ್ನ ಎಲ್ಲಿ ಅಡ ಇಟ್ಟೆ?" ಎಂದು ಊರೆಲ್ಲ ಕೇಳುವ ಹಾಗೆ ರೇಗಿದರು. ಆಂಟೆನಾ ಎಂದು ಹೇಳಿದರೆ ಅವರಿಗೆ ಅರ್ಥವಾಗುವುದು ಹೇಗೆ?

ಇನ್ನೊಂದು ಎಡವಟ್ಟು ನೀರಿನ ಟ್ಯಾಂಕಿನದು. ಪ್ಲಾಸ್ಟಿಕ್ ಟ್ಯಾಂಕಿನ ಹೊರಮೈಗೆ ಕಟ್ಟುವ ಒಂದು ಡಬ್ಬಿ ಮಾಡಿದೆವು. ಒಳಗೆ ನೀರು ಎಷ್ಟಿದೆ ಎಂದು ಅದು ಮೊಬೈಲಿಗೆ ಮೆಸೇಜು ಕಳಿಸಬೇಕು. ಕಾರ್ಖಾನೆಯ ಅಂಗಳದಲ್ಲಿ ಟ್ಯಾಂಕು ತರಿಸಿ, ಡಬ್ಬಿ ಕಟ್ಟಿ, ಶ್ರುತಿ ಮಾಡಿ, ಭೇಷ್ ಎಂದು ನಮಗೆ ನಾವೇ ಹೇಳಿಕೊಂಡೆವು. ನೆಲಮಂಗಲದ ಕಡೆ ಒಂದು ಹಳ್ಳಿಯಲ್ಲಿ ಹಾಕಿದ ಎರಡನೇ ದಿನವೇ ಕರೆ ಬಂತು. ಹೋದರೆ ಬೀದಿಯೆಲ್ಲ ನೀರು. ಒಬ್ಬ ಹೆಂಗಸು ಸೀರೆ ಎತ್ತಿ ಕಟ್ಟಿಕೊಂಡು ಪೊರಕೆ ಹಿಡಿದು ನಿಂತಿದ್ದಳು.

"ಏನ್ ಮೇಡಂ, ಖಾಲಿ ಇದ್ದಾಗ ಖಾಲಿ ಖಾಲಿ ಅಂತ ಬಡ್ಕಂತದೆ. ತುಂಬುದ್ಮೇಲೆ ಬಾಯಿಗೆ ಬೀಗ ಹಾಕ್ಕಂತದೆ. ಇದ್ಯಾವ್ ಸೀಮೆ ಮಿಷನ್ನು?"

ನಾವು ಪರೀಕ್ಷೆ ಮಾಡಿದ್ದು ಖಾಲಿ ಟ್ಯಾಂಕಿನ ಮೇಲೆ. ತುಂಬಿದ ನೀರು ಪಕ್ಕದಲ್ಲಿದ್ದರೆ ಆಂಟೆನಾ ಬೇರೆಯದೇ ಶ್ರುತಿಗೆ ಇಳಿಯುತ್ತದೆ. ಟ್ಯಾಂಕಿಗೆ ಕಟ್ಟುವ ಸಾಮಾನನ್ನು ನೀರಿಲ್ಲದೆ ಪರೀಕ್ಷೆ ಮಾಡಿದ ಜಾಣರು ನಾವು. ಈ ಎರಡು ಕಥೆಯನ್ನೂ ನಾನು ಹೊಸಬರಿಗೆ ನಗುತ್ತ ಹೇಳುತ್ತಿದ್ದೆ. ಆಂಟೆನಾವನ್ನು ಅದು ಬದುಕುವ ಜಾಗದಲ್ಲಿಟ್ಟು ಅಳೆಯಿರಿ, ಮೇಜಿನ ಮೇಲಲ್ಲ ಎಂದು ಬುದ್ಧಿ ಹೇಳುತ್ತಿದ್ದೆ. ಬುದ್ಧಿ ಹೇಳಿದವಳೇ ಮೂರನೇ ಸಲ ಬಿದ್ದೆ, ಆ ಸಲ ನಗು ಬರಲಿಲ್ಲ.

ಜಯಮ್ಮ ಬಂದದ್ದು ಬಳೆಯ ಕಥೆಗೂ ಟ್ಯಾಂಕಿನ ಕಥೆಗೂ ನಡುವೆ. ಕಾಂಟ್ರ್ಯಾಕ್ಟ್ ಮೇಲೆ ಸಾಮಾನು ಜೋಡಿಸುವ ಲೈನಿಗೆ ಬಂದ ಹೆಂಗಸರಲ್ಲಿ ಒಬ್ಬಳು. ದೇವನಹಳ್ಳಿ ಕಡೆಯವಳು, ಗಂಡ ಇಲ್ಲ, ಒಬ್ಬ ಮಗಳು. ಇವಳು ಓದಿದ್ದು ಏಳನೇ ಕ್ಲಾಸು. ಬೆಸುಗೆ ಹಾಕುವ ಸಾಲ್ಡರಿಂಗ್ ಐರನ್ ಹಿಡಿಯುವುದನ್ನು ನಾನೇ ಕಲಿಸಿದೆ. ಆಂಟೆನಾ ತಗಡಿಗೆ ಎರಡು ಕಾಲು ಇರುತ್ತವೆ, ಅವನ್ನು ಬೋರ್ಡಿಗೆ ಕೂರಿಸಬೇಕು. ಸೀಸ ಒಂದು ಚೂರು ಹೆಚ್ಚಾದರೂ ಶ್ರುತಿ ತಪ್ಪುತ್ತದೆ, ಕಡಿಮೆಯಾದರೆ ಕಾಲು ಅಲ್ಲಾಡುತ್ತದೆ. ಉಳಿದವರು ತಿಂಗಳುಗಟ್ಟಲೆ ಹೆಣಗಿದರು. ಇವಳು ವಾರದಲ್ಲಿ ಕಲಿತಳು. ನೂರು ಕೊಟ್ಟರೆ ನೂರೂ ಒಂದೇ ಥರ. ನನ್ನ ಹತ್ತಿರ ಅಳೆಯಲು ಬಂದ ಬೋರ್ಡುಗಳಲ್ಲಿ ಅವಳದು ಯಾವುದು ಎಂದು ಯಂತ್ರದ ಗೆರೆ ನೋಡಿಯೇ ಹೇಳುತ್ತಿದ್ದೆ. ಒಂದು ದಿನ ಹಾಗೆ ಹೇಳಿದಾಗ ಅವಳು ಕೆನ್ನೆ ಕೆಂಪಗೆ ಮಾಡಿಕೊಂಡು, "ಬುಡಿ ಅಕ್ಕ, ನಾಟಿ ಹಾಕೋ ಕೈ ಇದು, ಸಾಲಾಗಿ ಕೂರ್ಸೋದು ಅಭ್ಯಾಸ ಐತೆ" ಎಂದಳು. ಹದಿನಾಲ್ಕು ವರ್ಷ ಮಾಡಿದಳು. ಹದಿನಾಲ್ಕು ವರ್ಷವೂ ಕಾಂಟ್ರ್ಯಾಕ್ಟೇ.

ಪಾರ್ಥಸಾರಥಿಯವರ ನಂತರ ಬಂದವರು ಹಲವರು. ಕೊನೆಯವರು ನಾಗಭೂಷಣ್, ಜನರಲ್ ಮ್ಯಾನೇಜರ್. ದನಿ ಎತ್ತಿದ ಮನುಷ್ಯನಲ್ಲ. ಬೈಯುವವರ ಹತ್ತಿರ ಕೆಲಸ ಮಾಡಬಹುದು. "ಮೇಡಂ, ನಿಮಗೆ ಗೊತ್ತಿಲ್ಲದ್ದೇನಿದೆ" ಎನ್ನುವವರ ಹತ್ತಿರ ಜೋಪಾನ. ಅವರ ಮೀಟಿಂಗಿನಲ್ಲಿ ಡಬ್ಬಿಯೊಳಗೆ ಬ್ಯಾಟರಿಗೆ ಮೊದಲು ಜಾಗ, ಆಮೇಲೆ ಪವರ್ ಸರ್ಕ್ಯೂಟಿಗೆ, ಆಮೇಲೆ ಸ್ಕ್ರೂಗಳಿಗೆ, ಕೊನೆಗೆ ಮೂಲೆಯೊಂದನ್ನು ಬೆರಳಲ್ಲಿ ತೋರಿಸಿ, "ಇಲ್ಲಿ ನಿಮ್ದು ಕೂರಿಸ್ಬಿಡಿ ಮೇಡಂ" ಎನ್ನುತ್ತಿದ್ದರು. ಜಾಗ ಸಾಲದು ಎಂದರೆ, "ನಿಮ್ಮಂಥೋರು ಇರೋದು ಯಾಕೆ ಮತ್ತೆ?" ಎಂದು ನಗುತ್ತಿದ್ದರು.

ಅವರೇ ಸ್ಮಿತಾಳನ್ನು ಕರೆತಂದದ್ದು. ಎಂ.ಟೆಕ್. ಹುಡುಗಿ, ಬ್ಲೇಡು ಮುಟ್ಟುವವಳಲ್ಲ. ಡಬ್ಬಿ, ಬೋರ್ಡು, ತಗಡು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಬಿಡಿಸಿ ಅಲ್ಲೇ ಲೆಕ್ಕ ತೆಗೆಯುವಳು. ನಾನು ಮೂರು ದಿನ ಕತ್ತರಿಸಿ ಹುಡುಕಿದ್ದನ್ನು ಅವಳು ಊಟ ಮುಗಿಸಿ ಬರುವಷ್ಟರಲ್ಲಿ ಕಂಪ್ಯೂಟರಿನಿಂದ ಹೇಳಿಸಿದಳು. ನನಗೆ ಹೊಟ್ಟೆ ಉರಿಯಿತು. ವಾರಗಟ್ಟಲೆ ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಅವಳೇ ಒಂದು ದಿನ ತಟ್ಟೆ ತಂದು ಪಕ್ಕದಲ್ಲಿ ಕೂತು, "ಮೇಡಂ, ನಾನು ಹೇಳಿದ್ದನ್ನ ಮಾತ್ರ ಅದು ಲೆಕ್ಕ ಹಾಕುತ್ತೆ. ಏನು ಹೇಳ್ಬೇಕು ಅಂತ ನೀವು ಹೇಳ್ಕೊಡಿ" ಎಂದಳು. ಆ ಮಾತಿಗೆ ನನ್ನ ಸಿಟ್ಟು ಇಳಿಯಿತು. ಇಬ್ಬರೂ ಸೇರಿ ಒಳ್ಳೆಯ ಕೆಲಸ ಮಾಡಿದ್ದೂ ಇದೆ.

ಹಾಗೆ ಸೇರಿ ಮಾಡಿದ್ದರಲ್ಲಿ ಒಂದು ಪಂಪ್‌ಸೆಟ್ಟಿನ ಸಾಮಾನು. ರೈತರು ಮನೆಯಲ್ಲೇ ಕೂತು ಮೊಬೈಲಿಂದ ಬೋರ್‌ವೆಲ್ ಮೋಟರು ಹಾಕಿ ಆರಿಸಬಹುದಲ್ಲ, ಆ ಡಬ್ಬಿ. ಸ್ಟಾರ್ಟರ್ ಮಾಡುವ ದೊಡ್ಡ ಕಂಪನಿಯೊಂದು ನಮ್ಮಿಂದ ಮಾಡಿಸಿಕೊಂಡು ತನ್ನ ಹೆಸರಲ್ಲಿ ಮಾರುತ್ತಿತ್ತು. ನಮ್ಮ ಜಿಲ್ಲೆಯಲ್ಲೇ ಒಂದು ಊರಲ್ಲಿ ಸಿಗುವ ಬ್ಯಾಂಡು ಪಕ್ಕದ ಊರಲ್ಲಿ ಸಿಗುವುದಿಲ್ಲ. ಅದಕ್ಕೇ ಎಲ್ಲ ಬ್ಯಾಂಡೂ ಹಿಡಿಯುವ ಆಂಟೆನಾ ಬೇಕಿತ್ತು. ಡಬ್ಬಿ ಮಾತ್ರ ಅಂಗೈಯಷ್ಟು. ನಾಗಭೂಷಣ್ ಯಥಾಪ್ರಕಾರ ಮೂಲೆ ತೋರಿಸಿದರು. ನಾನು, ಸ್ಮಿತಾ ಎಷ್ಟು ಹೆಣಗಿದರೂ ಆ ಮೂಲೆಯಲ್ಲಿ ಕೂರಲಿಲ್ಲ. ಕೊನೆಗೆ ತಗಡನ್ನು ಎತ್ತರಿಸಿ ಮುಚ್ಚಳದ ಕೆಳಗೇ ಮಲಗಿಸಿದೆವು. ಮುಚ್ಚಳಕ್ಕೂ ತಗಡಿಗೂ ನಡುವೆ ನಾಲ್ಕು ಮಿಲಿಮೀಟರ್. ಮುಚ್ಚಳ ಪ್ಲಾಸ್ಟಿಕ್ಕು, ಅದರಿಂದ ತೊಂದರೆಯಿಲ್ಲ. ಲೆಕ್ಕ ಚೆನ್ನಾಗಿ ಬಂತು, ಅಳತೆಯೂ ಚೆನ್ನಾಗಿ ಬಂತು. ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟು ಬ್ಯಾಂಡು ನಾನು ಜನ್ಮದಲ್ಲಿ ಕೂರಿಸಿರಲಿಲ್ಲ. ಮನೆಗೆ ಹೋಗುವಾಗ ಸ್ವೀಟ್ಸ್ ಕಟ್ಟಿಸಿಕೊಂಡು ಹೋದೆ.

ಸಾಮಾನು ಹೊರಗೆ ಹೋದ ತಿಂಗಳಲ್ಲೇ ದೂರು ಶುರುವಾಯಿತು. ಪೇಟೆ ಹತ್ತಿರ, ಟವರ್ ಹತ್ತಿರ ಇರುವ ಕಡೆ ಸರಿಯಿದೆ. ದೂರದ ತೋಟಗಳಲ್ಲಿ ಉಸಿರೇ ಇಲ್ಲ. ನಾನೂ ಸ್ಮಿತಾಳೂ ಆವತಿಗೆ ಹೋದೆವು. ಆಂಜಿನಪ್ಪ ಎಂಬುವರ ದ್ರಾಕ್ಷಿ ತೋಟ. ಪಂಪಿನ ಶೆಡ್ಡಿನ ಬಾಗಿಲು ತೆಗೆದರೆ ನಮ್ಮ ಡಬ್ಬಿಯ ಮುಚ್ಚಳ ಕಳಚಿ ಸುತಲಿ ದಾರದಲ್ಲಿ ನೇತಾಡುತ್ತಿದೆ.

"ಇದ್ಯಾಕೆ ತೆಗೆದಿಟ್ಟಿದೀರಿ?" ಎಂದೆ.

"ಮುಚ್ಚುದ್ರೆ ಮಾತಾಡಕ್ಕಿಲ್ಲ ಕಣಮ್ಮ. ತೆಗ್ದಿಟ್ರೆ ಮಾತಾಡ್ತದೆ. ನೀವೇ ಮಾಡಿ ನಮ್ಮನ್ ಕೇಳ್ತೀರಲ್ಲ? ತೆಗ್ದಿಟ್ರೆ ಹಲ್ಲಿ ಬಂದು ಮೊಟ್ಟೆ ಇಕ್ತದೆ, ಅದ್ಕೊಂದು ಔಷ್ದಿ ಹೇಳಿ."

ಪ್ಲಾಸ್ಟಿಕ್ ಮುಚ್ಚಳ ಸಿಗ್ನಲ್ ತಡೆಯುವುದು ಹೇಗೆ? ಬಿಚ್ಚಿ ಕೈಗೆ ತೆಗೆದುಕೊಂಡು ತಿರುಗಿಸಿದೆ. ಒಳಗಡೆ ನಡುಮಧ್ಯೆ ಮಹಾಲಕ್ಷ್ಮಿ ಫಳಫಳ ಹೊಳೆಯುತ್ತಿದ್ದಳು. ಜರಿ ಕಾಗದದ ಚಿನ್ನದ ಬಣ್ಣದ ಸ್ಟಿಕರು.

ಇದನ್ನು ಹೇಳಬೇಕು. ನಮ್ಮ ಕಾರ್ಖಾನೆಯ ಯಜಮಾನರ ತಾಯಿಯ ಹರಕೆ ಅದು. ಕಾರ್ಖಾನೆಯಿಂದ ಹೊರಡುವ ಪ್ರತಿ ಡಬ್ಬಿಯ ಮುಚ್ಚಳದೊಳಗೆ ಒಂದು ಲಕ್ಷ್ಮಿ ಇರಬೇಕು. ಪರೀಕ್ಷೆಯೆಲ್ಲ ಮುಗಿದು ಪ್ಯಾಕಿಂಗಿಗೆ ಹೋದ ಮೇಲೆ ಅಲ್ಲಿಯ ಹೆಂಗಸರು ಅಂಟಿಸಿ, ದಿನದ ಮೊದಲ ಡಬ್ಬಿಗೆ ಕೈ ಮುಗಿದು ಕಳಿಸುತ್ತಿದ್ದರು. ನಕ್ಷೆಯಲ್ಲಿ ಅದು ಇಲ್ಲ. ಸ್ಮಿತಾಳ ಕಂಪ್ಯೂಟರಿಗೂ ಗೊತ್ತಿಲ್ಲ. ಇಪ್ಪತ್ತು ವರ್ಷ ಅದರಿಂದ ಏನೂ ಆಗಿರಲಿಲ್ಲ, ಆಂಟೆನಾ ಬೇರೆಲ್ಲೋ ಇರುತ್ತಿತ್ತು. ಈ ಸಲ ನಾನು ತಗಡನ್ನು ಮುಚ್ಚಳದ ಕೆಳಗೇ ತಂದಿಟ್ಟಿದ್ದೆ. ಆ ಹೊಳಪು ಲೋಹದ್ದು. ತೆಳ್ಳಗಿದ್ದರೂ ಲೋಹವೇ.

ಸ್ಮಿತಾಗೆ ಗೊತ್ತಿರಲಿಲ್ಲ, ಅವಳು ಪ್ಯಾಕಿಂಗಿನ ಕಡೆ ಹೋದವಳಲ್ಲ. ನಾನು ದಿನಾ ಆ ಕೋಣೆ ದಾಟಿ ಊಟಕ್ಕೆ ಹೋಗುತ್ತಿದ್ದೆ. ಹಬ್ಬದ ದಿನ ನಾನೇ ಕೂತು ಅಂಟಿಸಿದ್ದೂ ಉಂಟು. ನನಗೆ ಗೊತ್ತಿತ್ತು, ತಲೆಗೆ ಹೊಳೆಯಲಿಲ್ಲ.

ಚಪ್ಪಲಿ ಬಿಟ್ಟು, ಕೈ ಮುಗಿದು, ಉಗುರಿನಲ್ಲಿ ಸ್ಟಿಕರಿನ ಅಂಚು ಎಬ್ಬಿಸಿದೆ. ಆಂಜಿನಪ್ಪ ಹೌಹಾರಿದರು. "ಅಮ್ಮಾ ಅಮ್ಮಾ! ಶುಕ್ರವಾರ ಕಣಮ್ಮ ಇವತ್ತು! ಲಕ್ಷ್ಮೀನ ಕೀಳ್ತಾರಾ ಯಾರಾದ್ರೂ?"

"ಕೀಳಲ್ಲಪ್ಪ, ಜಾಗ ಬದಲಾಯಿಸ್ತೀನಿ" ಎಂದು ಶೆಡ್ಡಿನ ಗೋಡೆಯ ಮೇಲೆ, ಅವರ ದೇವರ ಕ್ಯಾಲೆಂಡರಿನ ಪಕ್ಕ ಅಂಟಿಸಿದೆ. ಮುಚ್ಚಳ ಹಾಕಿ ಸ್ಕ್ರೂ ಬಿಗಿದು ಫೋನ್ ಮಾಡಿದೆ. ಮೋಟರು ಗುರ್ ಎಂದಿತು. ಆಂಜಿನಪ್ಪ ನಕ್ಕರು. ಸ್ಮಿತಾ ಚಪ್ಪಾಳೆ ಹೊಡೆದಳು. ನಾನು ಮಾತ್ರ ಅಲ್ಲಿಯವರೆಗೆ ಹೊರಗೆ ಹೋಗಿದ್ದ ಡಬ್ಬಿಗಳನ್ನು ಲೆಕ್ಕ ಹಾಕುತ್ತ ಚಪ್ಪಲಿ ಮೆಟ್ಟಿಕೊಂಡೆ.

ಸೋಮವಾರ ನಾಗಭೂಷಣ್ ಎಲ್ಲ ಕೇಳಿಸಿಕೊಂಡು ಬಾಗಿಲು ಹಾಕಿದರು. ಕೊಳ್ಳುವ ಕಂಪನಿ ಕಾರಣದ ವರದಿ ಕೇಳಿತ್ತು. ನಕ್ಷೆಯಲ್ಲಿಲ್ಲದ ಸಾಮಾನನ್ನು ಒಳಗೆ ಅಂಟಿಸಿದ್ದೇವೆ ಎಂದು ಬರೆದರೆ ಒಪ್ಪಂದ ಮುರಿದ ಹಾಗೆ. ದೇವರ ಸ್ಟಿಕರಿನಿಂದ ಕೆಟ್ಟಿತು ಎಂದು ಯಜಮಾನರ ತಾಯಿಗೆ ಹೇಳುವ ಧೈರ್ಯ ಯಾರಿಗೂ ಇಲ್ಲ.

"ಡ್ರೈ ಸಾಲ್ಡರ್, ಬೆಸುಗೆ ಸರಿಯಾಗಿ ಹಿಡಿದಿಲ್ಲ ಅಂತ ಬರೀರಿ ಮೇಡಂ. ಲೈನಿನ ತಪ್ಪು. ಆ ಆಂಟೆನಾ ಕಾಲು ಕೂರಿಸೋ ಹೆಂಗಸರನ್ನ ಬದಲಾಯಿಸಿದೀವಿ ಅಂತ ತೋರಿಸಿದ್ರೆ ಅವರಿಗೂ ಸಮಾಧಾನ. ಸ್ಟಿಕರು ನಾಳೆಯಿಂದ ಹೊರಗಿನ ರಟ್ಟಿನ ಪೆಟ್ಟಿಗೆ ಮೇಲೆ ಹಾಕಿಸ್ತೀನಿ."

"ಸಾರ್, ಅವರು ಎಂಟು ಜನ ಇದಾರೆ."

"ನಾಲ್ಕು ತಿಂಗಳು ಬಿಟ್ಟು ವಾಪಸ್ ಕರ್ಕೊಳ್ಳೋಣ. ಇಲ್ಲಾಂದ್ರೆ ಹೇಳಿ, ನಿಜ ಬರೆಯೋಣ. ಮುಚ್ಚಳದ ಕೆಳಗೆ ಆಂಟೆನಾ ಇಟ್ಟಿದ್ದು ಯಾರು ಅಂತಲೂ ಬರೀಬೇಕಾಗುತ್ತೆ. ನಿಮಗೆ ಗೊತ್ತಿಲ್ಲದ್ದೇನಿದೆ?"

ದನಿ ಎತ್ತಲಿಲ್ಲ. ಪೆನ್ನು ಮುಂದೆ ಇಟ್ಟರು. ನಾನು ಬರೆದೆ. ಇಂಗ್ಲಿಷಿನಲ್ಲಿ ಎರಡು ಪುಟ ಬರೆದೆ. ಗಂಡನ ಕಾಯಿಲೆ, ಮಗಳ ಓದು ಎಂದು ಈಗ ನೆಪ ಹೇಳಬಹುದು. ಗಂಡ ಗಟ್ಟಿಮುಟ್ಟಾಗಿದ್ದರು, ಮಗಳ ಓದು ಮುಗಿದಿತ್ತು. ನನ್ನ ತಪ್ಪು ನಾಲ್ಕು ಜನಕ್ಕೆ ಗೊತ್ತಾಗುತ್ತದೆ ಎಂದು ಹೆದರಿದೆ, ಅಷ್ಟೇ. ಆ ವರ್ಷ ನನಗೊಂದು ಬಡ್ತಿಯೂ ಬಂತು. ಅದರ ವಿಷಯ ಬರೆಯಲು ಕೈ ಬರುವುದಿಲ್ಲ.

ಸ್ಮಿತಾ ವರದಿ ಓದಿದಳು. ಎರಡು ತಿಂಗಳಲ್ಲಿ ಬೇರೆ ಕಡೆ ಕೆಲಸ ಹುಡುಕಿಕೊಂಡು ಹೋದಳು. ಹೋಗುವ ದಿನ ನನ್ನ ಮೇಜಿನ ಹತ್ತಿರ ಬರಲಿಲ್ಲ.

ವರದಿ ಹೋದ ಮಾರನೇ ದಿನ ಎಂಟು ಜನಕ್ಕೂ ಇನ್ನು ಬರಬೇಡಿ ಎಂದರು. ಏಳು ಜನ ಗೇಟಿನಲ್ಲಿ ಒಂದಷ್ಟು ಕೂಗಾಡಿ ಹೋದರು. ಜಯಮ್ಮ ಕೂಗಾಡಲಿಲ್ಲ. ನೇರ ನನ್ನ ಹತ್ತಿರ ಬಂದಳು. ಕೈಯಲ್ಲಿ ವಾಪಸ್ ಬಂದ ಒಂದು ಬೋರ್ಡು.

"ಅಕ್ಕ, ನಂದೇ ಇದು. ಎಲ್ಲಿ ತಪ್ಪಾಗೈತೆ ತೋರ್ಸಿ. ಬಯ್ಯೋದಾದ್ರೆ ಬಯ್ರಿ, ತಪ್ಪು ಮಾತ್ರ ತೋರ್ಸಿ."

ಅಲ್ಲಿಯಾದರೂ ಹೇಳಬಹುದಿತ್ತು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ನಾನು ಬೋರ್ಡು ತೆಗೆದುಕೊಂಡು ಭೂತಗನ್ನಡಿಯ ಕೆಳಗಿಟ್ಟೆ. ಅವಳ ಕೆಲಸ ಹೇಗಿತ್ತೋ ಹಾಗೇ ಇತ್ತು, ಅಚ್ಚುಕಟ್ಟಾಗಿ. ಒಂದು ಕಾಲಿನ ಬುಡಕ್ಕೆ ಸೂಜಿಯ ಮೊನೆ ಇಟ್ಟು, "ಇಲ್ಲಿ ನೋಡು, ಸಣ್ಣ ಬಿರುಕು" ಎಂದೆ.

ಅವಳು ಬಗ್ಗಿ ತುಂಬ ಹೊತ್ತು ನೋಡಿದಳು. "ಹೂಂ ಅಕ್ಕ, ಕಾಣ್ತೈತೆ" ಎಂದಳು. ಆಮೇಲೆ ನನ್ನ ಕಾಲು ಮುಟ್ಟಲು ಬಂದಳು. ನಾನು ಹಿಂದೆ ಸರಿದೆ.

ನಾಲ್ಕು ತಿಂಗಳಾದ ಮೇಲೆ ಯಾರನ್ನೂ ವಾಪಸ್ ಕರೆಯಲಿಲ್ಲ. ನಾನೂ ಕೇಳಲಿಲ್ಲ. ಸ್ಟಿಕರು ರಟ್ಟಿನ ಪೆಟ್ಟಿಗೆಗೆ ಹೋಯಿತು, ದೂರುಗಳು ನಿಂತವು. ಹೊಸ ಹೆಂಗಸರ ಕೈ ಬಹಳ ಚೆನ್ನಾಗಿದೆ ಎಂದು ಕೊಳ್ಳುವ ಕಂಪನಿಯವರು ಮೆಚ್ಚಿ ಪತ್ರ ಬರೆದರು. ಅದನ್ನು ನೋಟಿಸ್ ಬೋರ್ಡಿನಲ್ಲಿ ಹಾಕಿದ್ದರು. ಅದರ ಮುಂದೆ ನಿಂತು ನಾನೂ ಓದಿದೆ.

ಇದೆಲ್ಲ ಆಗಿ ಎಂಟು ವರ್ಷ. ಹೋದ ವರ್ಷ ನಿವೃತ್ತಿಯಾಯಿತು. ಹಾರ ಹಾಕಿ, ಶಾಲು ಹೊದಿಸಿ, ನಾಗಭೂಷಣ್ ನನ್ನ ಪ್ರಾಮಾಣಿಕತೆಯ ಬಗ್ಗೆ ಹತ್ತು ನಿಮಿಷ ಮಾತಾಡಿದರು. ಮನೆಗೆ ಬಂದ ಮೇಲೆ ಅನ್ನ ಸೇರಲಿಲ್ಲ. ಜಯಮ್ಮ ಎಲ್ಲಿದ್ದಾಳೆಂದು ವಿಚಾರಿಸಿದೆ. ಹೊಸಕೋಟೆ ಕಡೆ ಸಮೇತನಹಳ್ಳಿಯಲ್ಲಿ ಅಕ್ಕನ ಮನೆಯ ಪಕ್ಕ ಇದ್ದಾಳೆಂದು ತಿಳಿಯಿತು. ಮೂರು ವಾರದ ಹಿಂದೆ ಹೋದೆ.

ಜಗಲಿಯ ಮೇಲೆ ಬೀನ್ಸ್ ರಾಶಿ ಹಾಕಿಕೊಂಡು ಹುಳುಕು ಬೇರೆ ಮಾಡುತ್ತಿದ್ದಳು. ಕೂದಲು ನರೆತಿತ್ತು. ನನ್ನನ್ನು ನೋಡಿ ಎದ್ದೇಬಿಟ್ಟಳು. "ಅಯ್ಯೋ ಅಕ್ಕ! ನೀವಾ? ಬಿಸ್ಲಾಗೆ ಯಾಕ್ ಬಂದ್ರಿ, ಹೇಳ್ಕಳ್ಸಿದ್ರೆ ನಾನೇ ಬರ್ತಿದ್ನಲ್ಲ!" ಚಾಪೆ ಹಾಕಿ, ಕಾಫಿ ಮಾಡಿ ತಂದಳು. ಮಗಳ ಮದುವೆಯಾಯಿತು, ಮೊಮ್ಮಗು ಬಂತು ಎಂದೆಲ್ಲ ಹೇಳಿದಳು.

"ಸಾಲ್ಡರಿಂಗ್ ಬಿಟ್ಟೇಬಿಟ್ಟೆಯಾ?" ಎಂದೆ.

"ಬುಟ್ಬುಟ್ಟೆ ಅಕ್ಕ. ಇಲ್ಲೇ ಹೊಸಕೋಟೇಲಿ ಒಂದು ಫ್ಯಾಕ್ಟ್ರಿಯವ್ರು ಮನೆಗಂಟ ಬಂದು ಕರುದ್ರು. ಪರ್ಮನೆಂಟ್ ಮಾಡ್ತೀವಿ ಅಂದ್ರು. ನಾನೇ ಬ್ಯಾಡ ಅಂದೆ. ಕೈ ಸರಿ ಇಲ್ದೋಳು ಹೋಗಿ ಅವ್ರ ಸಾಮಾನೂ ಕೆಡ್ಸೋದಾ?"

ಕಾಫಿಯ ಲೋಟ ಕೆಳಗಿಟ್ಟೆ. ಹೇಳಿದೆ. ಲಕ್ಷ್ಮಿಯ ಸ್ಟಿಕರು, ಆವತಿ, ವರದಿ, ಸೂಜಿ ಮೊನೆ, ಎಲ್ಲ. "ನಿನ್ನ ಬೆಸುಗೆಯಲ್ಲಿ ಏನೂ ತಪ್ಪಿರಲಿಲ್ಲ ಜಯಮ್ಮ. ತಪ್ಪು ನನ್ನದು. ಗೊತ್ತಿದ್ದೂ ಬರೆದೆ."

ಅವಳು ಬೀನ್ಸ್ ಆರಿಸುವುದನ್ನು ನಿಲ್ಲಿಸಲಿಲ್ಲ. "ಬಿರುಕು ಇರ್ನಿಲ್ವಾ?" ಎಂದಳು.

"ಇರಲಿಲ್ಲ."

"ನಂಗೂ ಕಾಣ್ನಿಲ್ಲ ಅಕ್ಕ. ನೀವು ಐತೆ ಅಂದ್ರಿ. ನೀವು ಅಂದ್ಮೇಲೆ ಇರ್ಲೇಬೇಕು, ನನ್ ಕಣ್ಣೂ ಹೋಗೈತೆ ಅಂದ್ಕಂಡೆ. ಮಿಕ್ಕೋರೆಲ್ಲ ಗೇಟತ್ರ ಸುಳ್ಳು ಸುಳ್ಳು ಅಂತ ಕೂಗುದ್ರು. ನಾನೇ ಅವ್ರಿಗೆ ಬಯ್ದೆ. ಅಕ್ಕ ಸುಳ್ಳೇಳೋರಲ್ಲ, ನಾನೇ ಕಣ್ಣಾರೆ ನೋಡ್ದೆ ಅಂತ."

ನಾನು ಅತ್ತುಬಿಟ್ಟೆ. ಅವಳು ಅಳಲಿಲ್ಲ, ನನ್ನನ್ನು ಸಮಾಧಾನವೂ ಮಾಡಲಿಲ್ಲ.

ಒಳಗೆ ಹೋಗಿ ಮೊಮ್ಮಗುವಿನ ಗೀಚು ಪುಸ್ತಕದಿಂದ ಒಂದು ಹಾಳೆ, ಒಂದು ಪೆನ್ನು ತಂದು ನನ್ನ ಮುಂದಿಟ್ಟಳು. "ಅವತ್ತು ಇಂಗ್ಲೀಸ್ನಾಗೆ ಬರ್ದಿದ್ರಿ, ನಂಗೆ ಓದಕ್ಕಾಗ್ನಿಲ್ಲ. ಇವಾಗ ಕನ್ನಡ್ದಾಗೆ ಬರೀರಿ."

ಬರೆದೆ. ಎಂಟು ಜನರ ಹೆಸರೂ ಬರೆದೆ, ಅವಳೇ ಒಂದೊಂದಾಗಿ ಹೇಳಿದಳು. ಸಹಿ ಮಾಡಿ ಕೊಟ್ಟೆ. ಅವಳು ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಮಡಿಸಿ ತಿರುಗಿ ನನ್ನ ಕೈಗೇ ಕೊಟ್ಟಳು.

"ಇಟ್ಕೊಳ್ಳೇ, ನಿನಗೇ ಬರೆದದ್ದು."

"ನಾನಿಟ್ಕಂಡು ಏನ್ ಮಾಡ್ಲಿ ಅಕ್ಕ? ನಂಗೆ ಗೊತ್ತಾಯ್ತಲ್ಲ. ಅವತ್ತಿಂದು ಯಾರ್ಗೆ ಕಳ್ಸಿದ್ರೋ ಅವ್ರಿಗೇ ಇದ್ನೂ ಕಳ್ಸಿ. ಕಳ್ಸಿದ್ಮ್ಯಾಲೆ ಬನ್ನಿ, ಊಟ ಮಾಡ್ಕಂಡೇ ಹ್ವಾಗೀರಂತೆ."

ಹುಡುಗರೇ, ಕೊಳ್ಳುವ ಕಂಪನಿಯ ವಿಳಾಸ ನನಗೆ ಬಾಯಿಪಾಠ. ಲಕೋಟೆ ತಂದಿದ್ದೇನೆ, ಮೇಲೆ ಬರೆದೂ ಇದ್ದೇನೆ. ಅಂಚೆ ಕಚೇರಿ ನಮ್ಮ ಬೀದಿಯ ಕೊನೆಯಲ್ಲೇ ಇದೆ. ಮೂರು ವಾರವಾಯಿತು, ಇನ್ನೂ ಹಾಕಿಲ್ಲ.